ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯನ್ನು ಕಾಲ್ನಡಿಗೆಯಲ್ಲಿ ನೋಡುವುದು ಹೇಗೆ?

ಪ್ರಶ್ನೆ: ದೂರದಾರಿ

ಮೇ ತಿಂಗಳ ಕೊನೆಯಲ್ಲಿ ಕೆಲಸದ ನಿಮಿತ್ತ ಬರ್ಲಿನ್‌ಗೆ ಹೋಗುತ್ತಿದ್ದೇನೆ. ಅಮ್ಮನೂ ನನ್ನೊಡನೆ ಬರುತ್ತಿದ್ದಾರೆ. ಕೆಲಸ ಮುಗಿದ ಮೇಲೆ ಉಳಿಯುವ ಬಿಡುವಿನಲ್ಲಿ ನಗರದ ಪ್ರಸಿದ್ಧ ಸ್ಮಾರಕಗಳನ್ನೆಲ್ಲ ಅವಸರದಲ್ಲಿ ಮುಟ್ಟಿ ಬರುವುದಕ್ಕಿಂತ ಒಂದೇ ಬಡಾವಣೆಯನ್ನು ನಿಧಾನವಾಗಿ ನಡೆದು ನೋಡಬೇಕೆಂಬ ಆಸೆಯಿದೆ. ಯಾರನ್ನು ಕೇಳಿದರೂ ಕ್ರಾಯ್ಟ್ಸ್‌ಬರ್ಗ್‌ನ ಹೆಸರನ್ನೇ ಹೇಳುತ್ತಾರೆ. ಆದರೆ ಅದರ ಬಗ್ಗೆ ಓದಲು ಕುಳಿತರೆ ಅದೇ ಕಾಫಿ ಅಂಗಡಿಗಳು, ಅದೇ ಬಣ್ಣದ ಗೋಡೆಗಳು, ಅದೇ ರಾತ್ರಿ ಕ್ಲಬ್ಬುಗಳ ಪಟ್ಟಿ ಕಣ್ಣಿಗೆ ಬೀಳುತ್ತದೆ. ಆ ಪಟ್ಟಿ ಹಿಡಿದು ಒಂದೊಂದು ಬಾಗಿಲನ್ನೂ ಹುಡುಕುತ್ತ ಹೋಗುವುದು ನನಗೆ ಬೇಕಾಗಿಲ್ಲ. ಈ ಜಾಗ ಹೀಗೇಕೆ ಆಯಿತು, ಬೇರೆ ಬಡಾವಣೆಗಳಿಗೆ ಬಾರದ ಹೆಸರು ಇದಕ್ಕೆ ಏಕೆ ಬಂತು ಎಂಬುದು ನಡೆಯುತ್ತಿರುವಾಗಲೇ ಕಣ್ಣಿಗೆ ಕಾಣಬೇಕು.

ಯಾವ ದಾರಿಯಲ್ಲಿ ನಡೆದರೆ ಅದು ಸಾಧ್ಯ? ಹೊತ್ತು ಮುಳುಗಿದ ಮೇಲೆ ಅಲ್ಲಿ ಓಡಾಡುವುದು ಸುರಕ್ಷಿತವೇ? ಜನ ವಾಸಿಸುವ ಬೀದಿಗಳಲ್ಲಿ ಕ್ಯಾಮೆರಾ ಹಿಡಿದು ತಿರುಗುವುದು ನನಗೆ ಸ್ವಲ್ಪ ಮುಜುಗರದ ಸಂಗತಿ, ಅದರ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಗಡಿಗೆರೆ

ನಿಮ್ಮ ಪ್ರಶ್ನೆಗೆ ಉತ್ತರ ಅಂಗಡಿಗಳಲ್ಲಿಲ್ಲ, ಭೂಪಟದಲ್ಲಿದೆ. 1961ರ ಆಗಸ್ಟ್ 13ರಂದು ಪೂರ್ವ ಮತ್ತು ಪಶ್ಚಿಮ ಬರ್ಲಿನ್‌ಗಳ ನಡುವಿನ ಗಡಿ ಮುಚ್ಚಿ ಗೋಡೆ ಎದ್ದಾಗ, ಅಲ್ಲಿಯವರೆಗೆ ನಗರದ ನಡುಭಾಗಕ್ಕೆ ಅಂಟಿಕೊಂಡಿದ್ದ ಕ್ರಾಯ್ಟ್ಸ್‌ಬರ್ಗ್‌ನ ಪೂರ್ವ ಭಾಗ ಪಶ್ಚಿಮ ಬರ್ಲಿನ್‌ನ ಕಟ್ಟಕಡೆಯ ಮೂಲೆಯಾಗಿಬಿಟ್ಟಿತು. ಹಳೆಯ ಅಂಚೆ ಸಂಖ್ಯೆಯಿಂದಾಗಿ ಜನ ಈಗಲೂ ಅದನ್ನು ಎಸ್‌ಓ 36 ಎಂದೇ ಕರೆಯುತ್ತಾರೆ. ಅದರ ಉತ್ತರಕ್ಕೂ ಗೋಡೆ, ಪೂರ್ವಕ್ಕೂ ಗೋಡೆ, ಬೀದಿಗಳೆಲ್ಲ ಎಲ್ಲಿಗೂ ಹೋಗದೆ ಅಲ್ಲಲ್ಲೇ ನಿಂತುಹೋದವು. ಅನುಕೂಲವಿದ್ದವರು ಬೇರೆ ಕಡೆ ಮನೆ ಮಾಡಿದರು, ಮಾಲೀಕರು ಕಟ್ಟಡಗಳ ದುರಸ್ತಿಯನ್ನು ನಿಲ್ಲಿಸಿದರು, ಬಾಡಿಗೆ ಇಳಿಯಿತು. ಅದೇ ವರ್ಷ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿಯು ಕಾರ್ಮಿಕರನ್ನು ಕರೆಸಿಕೊಳ್ಳಲು ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡಿತ್ತು. ಹಾಗೆ ಬಂದ ಕುಟುಂಬಗಳಿಗೆ ನಗರದ ಬೇರೆಡೆ ಸುಲಭವಾಗಿ ಸಿಗದ ಮನೆ ಇಲ್ಲಿ ಸಿಕ್ಕಿತು. ಅವರ ಬೆನ್ನಿಗೆ ವಿದ್ಯಾರ್ಥಿಗಳು, ಕಲಾವಿದರು, ಖಾಲಿ ಮನೆಗಳನ್ನು ಆಕ್ರಮಿಸಿ ವಾಸಿಸುವ ಹೋರಾಟಗಾರರು ಬಂದರು. 1989ರ ನವೆಂಬರ್ 9ರಂದು ಗೋಡೆ ಬಿದ್ದಾಗ ಯಾರಿಗೂ ಬೇಡವಾಗಿದ್ದ ಈ ಮೂಲೆ ರಾತ್ರೋರಾತ್ರಿ ಒಂದಾದ ನಗರದ ನಟ್ಟನಡುವಿಗೆ ಬಂದು ನಿಂತಿತು. ಇಂದಿನ ಹೆಸರು, ಬೇಡಿಕೆ, ಬಾಡಿಗೆಯ ಜಗಳ ಎಲ್ಲದರ ಬೇರು ಇಲ್ಲಿದೆ. ಆದ್ದರಿಂದ ಗೋಡೆ ನಿಂತಿದ್ದ ಅಂಚನ್ನು ಹಿಡಿದು ನಡೆಯಿರಿ ಎಂಬುದು ನನ್ನ ಸಲಹೆ.

ಕೊಟ್‌ಬುಸರ್ ಟೋರ್ ನಿಲ್ದಾಣದಲ್ಲಿ ಇಳಿಯಿರಿ. ತಲೆಯ ಮೇಲೆ ಉಕ್ಕಿನ ಕಂಬಗಳ ಮೇಲೆ ಹಾದುಹೋಗುವ ಮಾರ್ಗ 1902ರಲ್ಲಿ ಆರಂಭವಾದ ಬರ್ಲಿನ್‌ನ ಮೊದಲ ಮೆಟ್ರೊ ದಾರಿ. ಎದುರಿಗೆ ಬೀದಿಯ ಮೇಲೆಯೇ ಸೇತುವೆಯಂತೆ ಅಡ್ಡ ನಿಂತಿರುವ ಬೃಹತ್ ವಸತಿ ಕಟ್ಟಡವನ್ನು 1970ರ ದಶಕದಲ್ಲಿ ಕಟ್ಟಿ ಮುಗಿಸಿದರು. ಹತ್ತಿರದಲ್ಲೇ ಒಂದು ಹೆದ್ದಾರಿ ಬರುತ್ತದೆ, ಅದರ ಸದ್ದಿಗೆ ಈ ಕಟ್ಟಡ ತಡೆಯಾಗಲಿ ಎಂಬ ಲೆಕ್ಕಾಚಾರವಿತ್ತು. ಹೆದ್ದಾರಿ ಬರಲೇ ಇಲ್ಲ, ತಡೆ ಮಾತ್ರ ಉಳಿಯಿತು. ಅದರ ಕೆಳಗಿನಿಂದ ಅಡಾಲ್ಬರ್ಟ್‌ಸ್ಟ್ರಾಸೆಗೆ ನುಗ್ಗಿದರೆ ಸ್ವಲ್ಪ ದೂರದಲ್ಲಿ ಹಿತ್ತಲಿನ ಹಳೆಯ ಕಾರ್ಖಾನೆಯಲ್ಲಿ ಬಡಾವಣೆಯದೇ ವಸ್ತುಸಂಗ್ರಹಾಲಯವಿದೆ, ಪ್ರವೇಶ ಉಚಿತ. ನಡಿಗೆಯ ಆರಂಭದಲ್ಲೇ ಅಲ್ಲಿ ಅರ್ಧ ಗಂಟೆ ಕಳೆದರೆ ಮುಂದೆ ಕಾಣುವುದೆಲ್ಲ ಅರ್ಥವಾಗುತ್ತ ಹೋಗುತ್ತದೆ.

ಅಲ್ಲಿಂದ ಒರಾನಿಯನ್‌ಸ್ಟ್ರಾಸೆ. ಎಲ್ಲ ಪಟ್ಟಿಗಳಲ್ಲೂ ಇರುವ ಬೀದಿ ಇದೇ. ನೀವು ಅಂಗಡಿಗಳ ಕಡೆ ನೋಡುವಷ್ಟೇ ಕಾಲಡಿಯ ಕಡೆಗೂ ನೋಡಬೇಕು. ಪಾದಚಾರಿ ದಾರಿಯ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆಯ ಫಲಕಗಳು ಸಿಗುತ್ತವೆ. ನಾಜಿಗಳು ಹೊತ್ತೊಯ್ದು ಕೊಂದ ಜನರ ಹೆಸರು, ಹುಟ್ಟಿದ ವರ್ಷ, ಸತ್ತ ಸ್ಥಳಗಳನ್ನು ಅವರು ಕೊನೆಯದಾಗಿ ವಾಸವಿದ್ದ ಮನೆಯ ಮುಂದೆಯೇ ಕೆತ್ತಿ ಹುದುಗಿಸಿದ್ದಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ಬರ್ಲಿನ್‌ನಲ್ಲಿ ಈ ಕಲ್ಲುಗಳನ್ನು ಮೊದಲು ಹಾಕಿದ್ದು 1996ರಲ್ಲಿ, ಇದೇ ಬೀದಿಯಲ್ಲಿ, ಅಧಿಕಾರಿಗಳ ಅನುಮತಿಯಿಲ್ಲದೆ. ಓದಬೇಕಾದರೆ ಬಗ್ಗಲೇಬೇಕು.

ಒರಾನಿಯನ್‌ಪ್ಲಾಟ್ಸ್ ಎಂಬ ಚೌಕದಿಂದ ಉತ್ತರಕ್ಕೆ ತಗ್ಗಿನಲ್ಲಿ ಸಾಗುವ ಉದ್ಯಾನದೊಳಕ್ಕೆ ಇಳಿಯಿರಿ. ನೀವು ನಡೆಯುತ್ತಿರುವುದು ಒಂದು ಕಾಲುವೆಯ ತಳದಲ್ಲಿ. 1852ರಲ್ಲಿ ಪೂರ್ಣಗೊಂಡ ಆ ಕಾಲುವೆಯಲ್ಲಿ ನೀರು ಸರಿಯಾಗಿ ಹರಿಯದೆ ಕೊಳೆತು ನಾರತೊಡಗಿದ್ದರಿಂದ 1926ರಲ್ಲಿ ಅದನ್ನು ತುಂಬಿಸಿ ತೋಟ ಮಾಡಿದರು. ಮುಂದೆ ಅದರ ಉತ್ತರ ಭಾಗವೇ ಗೋಡೆಯ ಕಾವಲು ಪಟ್ಟಿಯಾಯಿತು. ಎಂಗೆಲ್‌ಬೆಕೆನ್ ಎಂಬ ಕೊಳದ ದಂಡೆಯಲ್ಲಿ ನಿಂತರೆ ಎದುರಿಗೆ ಸೇಂಟ್ ಮೈಕೆಲ್ ಇಗರ್ಜಿ ಕಾಣುತ್ತದೆ. ಯುದ್ಧದಲ್ಲಿ ಬಾಂಬು ಬಿದ್ದ ಮೇಲೆ ಅದರ ನಡುಭಾಗಕ್ಕೆ ಮತ್ತೆ ಚಾವಣಿ ಹಾಕಲಿಲ್ಲ. ಇಗರ್ಜಿ ಇರುವುದು ಪೂರ್ವದಲ್ಲಿ, ನೀವು ಬಂದದ್ದು ಪಶ್ಚಿಮದಿಂದ.

ಇಲ್ಲಿಂದ ಬೆಥಾನಿಯೆನ್‌ಡಾಮ್ ರಸ್ತೆಯನ್ನು ಹಿಡಿದು ಹೋದರೆ ಸೇಂಟ್ ಥಾಮಸ್ ಇಗರ್ಜಿಯ ಹತ್ತಿರ, ಹಳೆಯ ಹಲಗೆ, ತಗಡು, ಎಸೆದ ಬಾಗಿಲುಗಳಿಂದ ಕಟ್ಟಿದ ಎರಡಂತಸ್ತಿನ ಗುಡಿಸಲೊಂದು ಮರವೊಂದನ್ನು ಸುತ್ತುವರಿದು ನಿಂತಿರುವುದು ಕಾಣುತ್ತದೆ. ಇಡೀ ದಾರಿಯಲ್ಲಿ ನೀವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು ಎಂದು ನಾನು ಭಾವಿಸುತ್ತೇನೆ. ಗಡಿ ಇಲ್ಲಿ ಬಳುಕಿ ಹೋಗುತ್ತಿತ್ತು, ಗೋಡೆ ಕಟ್ಟಿದವರು ಕೆಲಸ ಸುಲಭವಾಗಲೆಂದು ನೇರವಾಗಿ ಕಟ್ಟಿದರು. ಹೀಗಾಗಿ ಕಾನೂನಿನ ಪ್ರಕಾರ ಪೂರ್ವ ಬರ್ಲಿನ್‌ಗೆ ಸೇರಿದ ಒಂದು ತ್ರಿಕೋನದ ತುಂಡು ಗೋಡೆಯ ಪಶ್ಚಿಮಕ್ಕೆ ಉಳಿದುಹೋಯಿತು. ಪಶ್ಚಿಮದ ಪೊಲೀಸರು ಅದನ್ನು ಮುಟ್ಟುವಂತಿರಲಿಲ್ಲ, ಪೂರ್ವದವರಿಗೆ ಅದು ಕೈಗೆಟುಕುತ್ತಿರಲಿಲ್ಲ. ಕಸ ತುಂಬಿದ್ದ ಆ ಜಾಗವನ್ನು 1980ರ ದಶಕದ ಆರಂಭದಲ್ಲಿ ಟರ್ಕಿಯಿಂದ ಬಂದಿದ್ದ ಒಸ್ಮಾನ್ ಕಾಲಿನ್ ಎಂಬ ನಿವೃತ್ತ ಕಾರ್ಮಿಕರು ಹಸನು ಮಾಡಿ ಈರುಳ್ಳಿ, ಬೆಳ್ಳುಳ್ಳಿ ಹಾಕಿದರು, ಆಮೇಲೆ ಈ ಗುಡಿಸಲನ್ನೂ ಕಟ್ಟಿದರು. ಪೂರ್ವದ ಕಾವಲುಗಾರರು ಬಂದು ವಿಚಾರಿಸಿ, ಕೊನೆಗೆ ಇರಲಿ ಎಂದು ಬಿಟ್ಟರು. ಕಾಲಿನ್ 2018ರಲ್ಲಿ ತೀರಿಕೊಂಡರು, ಗುಡಿಸಲು ಉಳಿದಿದೆ. ಎರಡು ಸರಕಾರಗಳ ಸಂದಿಯಲ್ಲಿ ಸಾಮಾನ್ಯ ಮನುಷ್ಯನೊಬ್ಬ ತರಕಾರಿ ಬೆಳೆದ ಈ ತುಂಡು ನೆಲ ಕ್ರಾಯ್ಟ್ಸ್‌ಬರ್ಗ್‌ನ ಕಥೆಯನ್ನು ಯಾವ ಬಣ್ಣದ ಗೋಡೆಗಿಂತಲೂ ಚೆನ್ನಾಗಿ ಹೇಳುತ್ತದೆ.

ಪಕ್ಕದ ಮರಿಯಾನೆನ್‌ಪ್ಲಾಟ್ಸ್‌ನಲ್ಲಿ ಬೆಥಾನಿಯೆನ್ ಇದೆ. 1847ರಲ್ಲಿ ಆಸ್ಪತ್ರೆಯಾಗಿ ತೆರೆದ ಈ ಕಟ್ಟಡದಲ್ಲಿ ಮುಂದೆ ಕಾದಂಬರಿಕಾರರಾಗಿ ಹೆಸರಾದ ಥಿಯೊಡೋರ್ ಫೊಂಟಾನೆ ಔಷಧ ತಯಾರಕರಾಗಿ ದುಡಿದಿದ್ದರು, ಅವರ ಔಷಧಾಲಯವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಆಸ್ಪತ್ರೆ 1970ರಲ್ಲಿ ಮುಚ್ಚಿತು, ಮರುವರ್ಷವೇ ಯುವಕರು ಅದರ ಒಂದು ಕಟ್ಟಡವನ್ನು ಆಕ್ರಮಿಸಿದರು, ಈಗ ಮುಖ್ಯ ಕಟ್ಟಡ ಕಲಾಕೇಂದ್ರವಾಗಿದೆ. ಅಲ್ಲಿಂದ 1891ರ ಹಳೆಯ ಮಾರುಕಟ್ಟೆ ಕಟ್ಟಡ ಮಾರ್ಕ್‌ಟ್‌ಹಾಲೆ ನೋಯ್ನ್, ಮುಂದೆ ಶ್ಲೇಸಿಷೆಸ್ ಟೋರ್, ಕೊನೆಗೆ ಶ್ಪ್ರೇ ನದಿಯ ಮೇಲಿನ ಓಬರ್‌ಬೌಮ್ ಸೇತುವೆ. ಒಟ್ಟು ಸುಮಾರು 4 ಕಿಲೋಮೀಟರ್ ಆಗಬಹುದು.

ಸೇತುವೆಯ ಕೆಂಪು ಇಟ್ಟಿಗೆಯ ಜೋಡಿ ಗೋಪುರಗಳ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ನೀವು ಅದಕ್ಕೂ ಮುಂಚೆ ಕ್ರಾಯ್ಟ್ಸ್‌ಬರ್ಗ್ ಬದಿಯ ಮೇ ಆಯಿಮ್ ದಂಡೆಗೆ ಹೋಗಿ. ಗೋಡೆಯ ಕಾಲದಲ್ಲಿ ನದಿಯ ಪೂರ್ತಿ ಅಗಲ ಪೂರ್ವ ಬರ್ಲಿನ್‌ಗೆ ಸೇರಿತ್ತು. ಈ ದಂಡೆಯಲ್ಲಿ ಆಡುತ್ತ ನೀರಿಗೆ ಬಿದ್ದ ಮಕ್ಕಳನ್ನು ಎತ್ತಲು ಪಶ್ಚಿಮದವರು ಹಿಂಜರಿದರು, ಏಕೆಂದರೆ ನೀರಿಗಿಳಿದರೆ ಗುಂಡು ಹಾರುವ ಭಯವಿತ್ತು. ಹಲವು ಮಕ್ಕಳು ಹಾಗೆ ಮುಳುಗಿ ಸತ್ತ ಮೇಲೆ, 1975ರಲ್ಲಿ, ನೀರಿಗೆ ಬಿದ್ದವರನ್ನು ಕಾಪಾಡುವ ಬಗ್ಗೆ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಇದನ್ನು ತಿಳಿದು ನೋಡಿದರೆ ಆ ನೀರು ಬೇರೆಯೇ ಆಗಿ ಕಾಣುತ್ತದೆ.

ಉತ್ತರ: ಹಿತ್ತಲಂಗಳ

ಗಡಿಗೆರೆಯವರು ಹೇಳಿದ ದಾರಿಯನ್ನು ನಾನು ಒಪ್ಪುತ್ತೇನೆ. ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಬಹಳ ಕಾಲ ವಾಸವಿದ್ದವನಾಗಿ ಒಂದು ಮಾತನ್ನು ಮಾತ್ರ ಸೇರಿಸಬೇಕೆನಿಸುತ್ತದೆ: ಬೀದಿಯಲ್ಲಷ್ಟೇ ನಡೆದರೆ ಈ ಬಡಾವಣೆಯ ಅರ್ಧವನ್ನು ಮಾತ್ರ ನೋಡಿದಂತಾಗುತ್ತದೆ, ಇನ್ನರ್ಧ ಇರುವುದು ಒಳ ಅಂಗಳಗಳಲ್ಲಿ.

ಜೇಮ್ಸ್ ಹೋಬ್ರೆಖ್ಟ್ ಅವರ 1862ರ ನಗರ ಯೋಜನೆ ಇಲ್ಲಿ ಅಗಲವಾದ ಬೀದಿಗಳನ್ನೂ ತುಂಬ ಆಳವಾದ ನಿವೇಶನಗಳನ್ನೂ ಹಾಕಿಕೊಟ್ಟಿತು. ಆ ಆಳವನ್ನು ತುಂಬಲು ಮಾಲೀಕರು ಬೀದಿಗೆ ಮುಖ ಮಾಡಿದ ಚೆಂದದ ಮನೆಯ ಹಿಂದೆ ಪಕ್ಕದ ರೆಕ್ಕೆಗಳನ್ನೂ, ಅದರ ಹಿಂದೆ ಅಡ್ಡ ಕಟ್ಟಡವನ್ನೂ, ಮತ್ತೊಂದು ಅಂಗಳವನ್ನೂ ಸಾಲಾಗಿ ಕಟ್ಟುತ್ತ ಹೋದರು. ಅಂಗಳ ಕನಿಷ್ಠ ಎಷ್ಟಿರಬೇಕೆಂದು 1853ರ ಕಟ್ಟಡ ನಿಯಮ ಹೇಳಿತ್ತು: ಉದ್ದಗಲ ತಲಾ 5.34 ಮೀಟರ್. ಅದು ಗಾಳಿ ಬೆಳಕಿನ ಲೆಕ್ಕವಾಗಿರಲಿಲ್ಲ. ಬೆಂಕಿ ಆರಿಸುವ ಗಾಡಿಯನ್ನು ತಿರುಗಿಸಲು ಅಷ್ಟು ಜಾಗ ಬೇಕಿತ್ತು. ಅಂಥ ಒಂದು ಅಂಗಳದ ನಡುವೆ ನಿಂತು ಕತ್ತೆತ್ತಿದರೆ ಐದು ಮಹಡಿಯ ಗೋಡೆಗಳ ನಡುವೆ ಆಕಾಶದ ಚಿಕ್ಕ ಚೌಕ ಕಾಣುತ್ತದೆ. ಮುಂದಿನ ಮನೆಯಲ್ಲಿ ಅಧಿಕಾರಿ, ಹಿಂದಿನ ಕತ್ತಲೆಯ ಮನೆಯಲ್ಲಿ ಕೂಲಿಯವರು, ಕಟ್ಟಕಡೆಯಲ್ಲಿ ಮುದ್ರಣಾಲಯ, ಮರಗೆಲಸ, ಲೋಹದ ಕೆಲಸದ ಕಾರ್ಖಾನೆಗಳು ಒಂದೇ ವಿಳಾಸದಲ್ಲಿದ್ದವು. ವಾಸವೂ ದುಡಿಮೆಯೂ ಹೀಗೆ ಹೆಣೆದುಕೊಂಡಿದ್ದ ಈ ವ್ಯವಸ್ಥೆಗೆ ಜರ್ಮನರು ಕ್ರಾಯ್ಟ್ಸ್‌ಬರ್ಗ್‌ನ ಹೆಸರನ್ನೇ ಇಟ್ಟಿದ್ದಾರೆ. ಇಂದು ಬಾಯಿಮಾತಾಗಿರುವ ಸ್ಟುಡಿಯೊಗಳು, ಸಣ್ಣ ಕಂಪನಿಗಳು, ರಂಗಶಾಲೆಗಳು ನೆಲೆಸಿರುವುದು ಆ ಹಳೆಯ ಕಾರ್ಖಾನೆಯ ಮಹಡಿಗಳಲ್ಲೇ.

ಇವೆಲ್ಲ ಉಳಿದದ್ದು ಆಕಸ್ಮಿಕವಲ್ಲ. 1960 ಮತ್ತು 70ರ ದಶಕಗಳಲ್ಲಿ ಹಳೆಯ ಮನೆಗಳನ್ನು ಸಾಲುಸಾಲಾಗಿ ಕೆಡವುವ ಯೋಜನೆ ನಡೆಯುತ್ತಿತ್ತು. ನಿವಾಸಿಗಳ ವಿರೋಧ ಮತ್ತು ಮನೆ ಆಕ್ರಮಣಗಳ ಒತ್ತಡದಲ್ಲಿ ನಗರ ತನ್ನ ನೀತಿಯನ್ನು ಬದಲಿಸಿತು. ಹಾರ್ಟ್‌ವಾಲ್ಟರ್ ಹೇಮರ್ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ, ಇರುವ ಮನೆಗಳನ್ನು ಇರುವ ಜನರೊಡನೆ ಮಾತನಾಡಿ ದುರಸ್ತಿ ಮಾಡಬೇಕೆಂಬ 12 ಸೂತ್ರಗಳು 1983ರಲ್ಲಿ ಅಂಗೀಕೃತವಾದವು. ನೀವು ಮೆಚ್ಚಿಕೊಳ್ಳಲಿರುವ ಒಂದೊಂದು ಮುಂಗೋಡೆಯ ಹಿಂದೆಯೂ ಯಾರೋ ಪಟ್ಟು ಹಿಡಿದು ಕೂತ ಕಥೆಯಿದೆ.

ಅಂಗಳಗಳಿಗೆ ಹೋಗಬಹುದೇ ಎಂದರೆ, ಹೆಬ್ಬಾಗಿಲು ತೆರೆದಿದ್ದು, ಒಳಗೆ ಅಂಗಡಿಯದೋ ಸಂಸ್ಥೆಯದೋ ನಾಮಫಲಕಗಳ ಸಾಲು ಕಂಡರೆ ಹಗಲಿನಲ್ಲಿ ಧಾರಾಳವಾಗಿ ಹೋಗಿ. ಬರೀ ಮನೆಗಳ ಕರೆಗಂಟೆಗಳಿದ್ದರೆ ಬೇಡ. ಛಾಯಾಚಿತ್ರದ ವಿಷಯದಲ್ಲಿ ನಿಮ್ಮ ಮುಜುಗರ ಸರಿಯಾದದ್ದು. ಗುರುತು ಸಿಗುವಂತೆ ತೆಗೆದ ವ್ಯಕ್ತಿಯ ಚಿತ್ರವನ್ನು ಪ್ರಕಟಿಸಲು ಅವರ ಒಪ್ಪಿಗೆ ಬೇಕೆಂದು ಜರ್ಮನ್ ಕಾನೂನೇ ಹೇಳುತ್ತದೆ, ಜನರೂ ಇದರಲ್ಲಿ ತುಂಬ ಸೂಕ್ಷ್ಮವಾಗಿರುತ್ತಾರೆ. ಕಟ್ಟಡದ ಚಿತ್ರ ತೆಗೆಯಿರಿ, ಕಿಟಕಿಯಲ್ಲಿ ನಿಂತವರದ್ದು ಬೇಡ. ಮಾರುಕಟ್ಟೆಯಲ್ಲಿ ವ್ಯಾಪಾರಿಯನ್ನು ಒಂದು ಮಾತು ಕೇಳಿದರೆ ಬಹುಪಾಲು ನಗುತ್ತಲೇ ಒಪ್ಪುತ್ತಾರೆ. ರಾತ್ರಿ 10ರ ನಂತರ ವಸತಿ ಬೀದಿಗಳಲ್ಲಿ ಗಟ್ಟಿಯಾಗಿ ಮಾತನಾಡುವುದು ಅಲ್ಲಿ ನಿಜವಾಗಿಯೂ ತಪ್ಪು, ಅದು ಕೇವಲ ಶಿಷ್ಟಾಚಾರವಲ್ಲ.

ಸುರಕ್ಷತೆಯ ಬಗ್ಗೆ: ಕೊಟ್‌ಬುಸರ್ ಟೋರ್ ನಿಲ್ದಾಣ ಮತ್ತು ಗೋರ್ಲಿಟ್ಸರ್ ಉದ್ಯಾನದ ಸುತ್ತ ಮಾದಕ ವಸ್ತುಗಳ ಮಾರಾಟ ಹಗಲಿನಲ್ಲೂ ಕಣ್ಣಿಗೆ ಬೀಳುತ್ತದೆ. ಅವರ ದಾರಿಗೆ ನೀವು ಹೋಗದಿದ್ದರೆ ನಿಮ್ಮ ದಾರಿಗೆ ಅವರು ಬರುವುದು ಅಪರೂಪ. ಚೀಲ ಎದೆಯ ಮುಂದಿರಲಿ, ಫೋನನ್ನು ಕೈಯಲ್ಲಿ ಚಾಚಿ ಹಿಡಿದು ನಡೆಯಬೇಡಿ, ಕತ್ತಲಾದ ಮೇಲೆ ಉದ್ಯಾನದೊಳಗಿನಿಂದ ಅಡ್ಡದಾರಿ ಹಿಡಿಯಬೇಡಿ. ನನ್ನ ಪ್ರಕಾರ ಹೊಸಬರಿಗೆ ನಿಜವಾದ ಅಪಾಯ ಸೈಕಲ್ಲು. ಪಾದಚಾರಿ ದಾರಿಯ ಮೇಲೆಯೇ ಕೆಂಪು ಇಟ್ಟಿಗೆಯ ಕಿರಿದಾದ ಪಟ್ಟಿ ಕಂಡರೆ ಅದು ಸೈಕಲ್ಲಿನವರದ್ದು. ಅಂಗಡಿಯನ್ನು ನೋಡುತ್ತ ಅದರ ಮೇಲೆ ಕಾಲಿಟ್ಟರೆ ಅವರು ವೇಗ ತಗ್ಗಿಸುವುದಿಲ್ಲ.

ದೂರದಾರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲೇ ಬರೆಯದ ಒಂದು ವಿಷಯವಿದೆ. ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ದಾರಿಯಲ್ಲಿ, ಆಗಾಗ ಕೂರಲು ಜಾಗವಿದ್ದರೆ ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಒಂದೇ ಉಸಿರಿನಲ್ಲಿ 4 ಕಿಲೋಮೀಟರ್ ಕಷ್ಟ. ಅವರನ್ನು ಕೋಣೆಯಲ್ಲಿ ಬಿಟ್ಟು ನಾನೊಬ್ಬಳೇ ಹೋಗುವ ಮನಸ್ಸಿಲ್ಲ. ಅವರು ಸಸ್ಯಾಹಾರಿಯೂ ಹೌದು.

ಉತ್ತರ: ಮೆಲ್ಲಡಿ

ನನ್ನ ತಂದೆತಾಯಿಯನ್ನು ಇದೇ ಬೀದಿಗಳಲ್ಲಿ ಕರೆದುಕೊಂಡು ಓಡಾಡಿದ್ದರಿಂದ ಈ ಪ್ರಶ್ನೆಗೆ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ಮೊದಲು ನೆಲದ ವಿಷಯ. ಬರ್ಲಿನ್‌ನ ಹಳೆಯ ಪಾದಚಾರಿ ದಾರಿಗಳ ನಡುವೆ ದೊಡ್ಡ ಗ್ರಾನೈಟ್ ಚಪ್ಪಡಿಗಳ ಸಾಲಿರುತ್ತದೆ, ಅದರ ಎರಡೂ ಬದಿಗೆ ಮುಷ್ಟಿಗಿಂತ ಚಿಕ್ಕದಾದ ಕಲ್ಲುಗಳನ್ನು ಜೋಡಿಸಿರುತ್ತಾರೆ. ಮರದ ಬೇರುಗಳಿಂದ ಆ ಚಿಕ್ಕ ಕಲ್ಲುಗಳು ಅಲ್ಲಲ್ಲಿ ಎದ್ದಿರುತ್ತವೆ. ಅಮ್ಮ ಚಪ್ಪಡಿಯ ಸಾಲಿನ ಮೇಲೆಯೇ ನಡೆಯಲಿ, ನೀವು ಪಕ್ಕದಲ್ಲಿರಿ. ಮಂಡಿಗೆ ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ರಸ್ತೆ ದಾಟುವಾಗ ದೀಪ ಹಸಿರಾಗುವವರೆಗೆ ಕಾಯಿರಿ. ಕೆಂಪಿನಲ್ಲಿ ದಾಟಿದರೆ 5 ಯೂರೊ ದಂಡ ಎಂಬುದಕ್ಕಿಂತಲೂ ನಿಂತ ಅಷ್ಟು ಹೊತ್ತು ಅವರಿಗೆ ವಿಶ್ರಾಂತಿಯಾಗುತ್ತದೆ.

ಗಡಿಗೆರೆಯವರ ದಾರಿಯನ್ನು ನಾನು ಎಂಗೆಲ್‌ಬೆಕೆನ್ ಕೊಳದಲ್ಲಿ ಕತ್ತರಿಸುತ್ತೇನೆ. ಅಲ್ಲಿ ಬೆಂಚುಗಳಿವೆ, ನೀರಿನ ಪಕ್ಕದಲ್ಲಿ ಕೆಫೆಯಿದೆ, ಮೇ ತಿಂಗಳಲ್ಲಿ ಒಂದು ಗಂಟೆ ಕೂತರೂ ಬೇಸರವಾಗದು. ಗುಡಿಸಲನ್ನು ಅಮ್ಮನಿಗೆ ತೋರಿಸಲೇಬೇಕು, ಅವರಿಗೆ ಅದು ನಮಗಿಂತ ಹೆಚ್ಚು ಅರ್ಥವಾಗುತ್ತದೆ. ಅಲ್ಲಿಂದ ಮುಂದೆ ನದಿಯ ಕಡೆಗೆ ಹೋಗುವ ಬದಲು ಒರಾನಿಯನ್‌ಸ್ಟ್ರಾಸೆಗೆ ಮರಳಿ ಎಂ 29 ಬಸ್ಸು ಹತ್ತಿ. ಅದು ಆ ಬೀದಿಯುದ್ದಕ್ಕೂ ಹೋಗುತ್ತದೆ, ಡಬಲ್ ಡೆಕ್ಕರ್ ಬಂದರೂ ಮೇಲೆ ಹತ್ತುವ ಅಗತ್ಯವಿಲ್ಲ, ಕೆಳಗಿನ ಕಿಟಕಿಯಿಂದಲೇ ಬೀದಿ ಚೆನ್ನಾಗಿ ಕಾಣುತ್ತದೆ. ನದಿ ದಂಡೆಯನ್ನು ಇನ್ನೊಂದು ಸಂಜೆಗೆ ಇಟ್ಟುಕೊಳ್ಳಿ. ಶ್ಲೇಸಿಷೆಸ್ ಟೋರ್‌ವರೆಗೆ ಮೆಟ್ರೊದಲ್ಲೇ ಹೋಗಬಹುದು, ಅಲ್ಲಿಂದ ದಂಡೆ ಕೆಲವೇ ನಿಮಿಷದ ದೂರ. ಆ ಕಾಲದಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಊಟ ಮುಗಿಸಿಯೂ ಹೋಗಬಹುದು.

ಇನ್ನೊಂದು ಹಗಲು ಸಿಕ್ಕರೆ ಪಶ್ಚಿಮ ಭಾಗಕ್ಕೆ ಹೋಗಿ. ಹಳೆಯ ಅಂಚೆ ಸಂಖ್ಯೆ 61 ಎಂದೇ ಅದನ್ನು ಕರೆಯುತ್ತಾರೆ. ಪೂರ್ವದ ಮೇಲೆ ಮನಸ್ಸಿಟ್ಟವರು ಇದನ್ನು ಸಪ್ಪೆ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಬೆರ್ಗ್‌ಮಾನ್‌ಸ್ಟ್ರಾಸೆಯ ಹಿಂದಿನ ಶಾಮಿಸ್ಸೊಪ್ಲಾಟ್ಸ್ ಚೌಕದ ಸುತ್ತ 19ನೆಯ ಶತಮಾನದ ಮನೆಗಳ ಸಾಲು ಯುದ್ಧದ ಏಟಿಗೆ ಹೆಚ್ಚು ಸಿಗದೆ ಉಳಿದಿದೆ, ಹೋಬ್ರೆಖ್ಟ್ ಕಾಲದ ಬೀದಿ ಹೇಗಿತ್ತೆಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹತ್ತಿರದ ವಿಕ್ಟೋರಿಯಾ ಉದ್ಯಾನದ ಗುಡ್ಡ ಸಮುದ್ರಮಟ್ಟದಿಂದ 66 ಮೀಟರ್ ಎತ್ತರದ್ದು, ತುದಿಯಲ್ಲಿ ವಾಸ್ತುಶಿಲ್ಪಿ ಶಿಂಕೆಲ್ ರೂಪಿಸಿದ 1821ರ ಯುದ್ಧ ಸ್ಮಾರಕವಿದೆ. ಹತ್ತುವುದು ಅಮ್ಮನಿಗೆ ಬೇಡ, ಬುಡದಲ್ಲಿ ಕೃತಕ ಜಲಪಾತದ ಎದುರು ಕೂತರೆ ಸಾಕು. ಅವರು ಕೂತಿರುವಾಗ ನೀವು ಪಕ್ಕದ ಮೆಥ್‌ಫೆಸೆಲ್‌ಸ್ಟ್ರಾಸೆಗೆ ಹೋಗಿ ಬನ್ನಿ. ಕೊನ್ರಾಡ್ ಸೂಸೆ 1941ರಲ್ಲಿ ತಮ್ಮ ಜೆಡ್ 3 ಯಂತ್ರವನ್ನು, ಅಂದರೆ ಪ್ರೋಗ್ರಾಂ ಹಾಕಿ ನಡೆಸಬಹುದಾದ ಜಗತ್ತಿನ ಮೊದಲ ಗಣಕವನ್ನು, ತೋರಿಸಿದ್ದು ಆ ಬೀದಿಯಲ್ಲಿ. ಯಂತ್ರ ಬಾಂಬು ದಾಳಿಯಲ್ಲಿ ನಾಶವಾಯಿತು, ಈಗ ಒಂದು ಸ್ಮರಣ ಫಲಕವಿದೆ. ಅದರ ಮುಂದೆ ಸಾಲು ನಿಲ್ಲುವವರು ಯಾರೂ ಇಲ್ಲ.

ಊಟಕ್ಕೆ ತೊಂದರೆಯಿಲ್ಲ. ಟರ್ಕಿಯವರ ಅಂಗಡಿಗಳಲ್ಲಿ ಪಾಲಕ್ ಅಥವಾ ಚೀಸ್ ತುಂಬಿ ಕಾವಲಿಯ ಮೇಲೆ ಬೇಯಿಸುವ ಗ್ಯೋಜ್‌ಲೆಮೆ, ಬೇಳೆಯ ಸಾರು, ಫಲಾಫೆಲ್ ಎಲ್ಲವೂ ಸಿಗುತ್ತವೆ. ಮಾಂಸದ ಸಾರನ್ನು ಬಳಸಿದ್ದಾರೆಯೇ ಎಂದು ಸಾರಿನ ವಿಷಯದಲ್ಲಿ ಮಾತ್ರ ಕೇಳಿಕೊಳ್ಳಿ. ಸಣ್ಣ ಅಂಗಡಿಗಳಲ್ಲಿ ಕಾರ್ಡು ನಡೆಯದೆ ಇರಬಹುದು, ಸ್ವಲ್ಪ ನಗದು ಇರಲಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಕೆಫೆಗಳೂ ಉದ್ಯಾನಗಳೂ ತೆರೆದಿರುತ್ತವೆ, ಆದ್ದರಿಂದ ಪಶ್ಚಿಮ ಭಾಗದ ನಡಿಗೆಗೆ ಭಾನುವಾರ ಚೆನ್ನಾಗಿ ಹೊಂದುತ್ತದೆ.

ಉತ್ತರ: ಬಾಡಿಗೆ ಚೀಟಿ

ಮೇಲಿನ ಉತ್ತರಗಳು ಒಳ್ಳೆಯವೇ. ಆದರೆ ಎಲ್ಲರೂ ಹಿಂದಿನ ಕಥೆಯನ್ನು ಹೇಳಿದರು, ಈಗ ನಡೆಯುತ್ತಿರುವುದರ ಬಗ್ಗೆ ಯಾರೂ ಬಾಯಿ ತೆರೆಯಲಿಲ್ಲ. ಒಂದು ಬಡಾವಣೆ ಪ್ರವಾಸಿಗರ ಪಟ್ಟಿಗೆ ಸೇರುವುದಕ್ಕೂ ಅಲ್ಲಿನವರು ಮನೆ ಕಳೆದುಕೊಳ್ಳುವುದಕ್ಕೂ ಸಂಬಂಧವಿದೆ. ಅದನ್ನು ನೋಡದೆ ನಡೆದು ಬಂದರೆ ಕ್ರಾಯ್ಟ್ಸ್‌ಬರ್ಗ್‌ನ ಇಂದಿನ ಬದುಕನ್ನು ನೋಡಿದಂತಾಗುವುದಿಲ್ಲ.

ಕುವ್ರಿಸ್ಟ್ರಾಸೆಯ ಮೂಲೆಯಲ್ಲಿ ಇಟಲಿಯ ಬ್ಲೂ ಎಂಬ ಕಲಾವಿದ 2007 ಮತ್ತು 2008ರಲ್ಲಿ ಎರಡು ಬೃಹತ್ ಗೋಡೆ ಚಿತ್ರಗಳನ್ನು ಬರೆದಿದ್ದ. ಒಂದರಲ್ಲಿ ತಲೆಯಿಲ್ಲದ ವ್ಯಕ್ತಿಯೊಬ್ಬ ಕೊರಳಪಟ್ಟಿ ಸರಿಪಡಿಸಿಕೊಳ್ಳುತ್ತಿದ್ದ, ಅವನ ಎರಡೂ ಕೈಗಳಿಗೆ ಸರಪಳಿಯಲ್ಲಿ ಬಿಗಿದ ಚಿನ್ನದ ಗಡಿಯಾರಗಳಿದ್ದವು. ಆ ಚಿತ್ರಗಳು ಎಷ್ಟು ಹೆಸರಾದವೆಂದರೆ ಎದುರಿನ ಖಾಲಿ ಜಾಗದಲ್ಲಿ ಎದ್ದೇಳಲಿದ್ದ ದುಬಾರಿ ಕಟ್ಟಡಗಳಿಗೆ ಅವೇ ಶೋಭೆಯಾಗುವ ಹಾಗಿತ್ತು. 2014ರ ಡಿಸೆಂಬರಿನ ಒಂದು ರಾತ್ರಿ ಕಲಾವಿದನ ಒಪ್ಪಿಗೆಯಿಂದಲೇ ಎರಡನ್ನೂ ಕಪ್ಪು ಬಣ್ಣ ಬಳಿದು ಅಳಿಸಲಾಯಿತು. ಗೋಡೆ ಚಿತ್ರಗಳನ್ನು ಹುಡುಕಿಕೊಂಡು ಬರುವವರು ಈ ಅಳಿಸಿದ ಚಿತ್ರಗಳ ಬಗ್ಗೆಯೂ ತಿಳಿದಿರಬೇಕು. ಲಾಂಡ್‌ವೇರ್ ಕಾಲುವೆಯ ಬಳಿಯ ಹಳೆಯ ವಿದ್ಯುತ್ ಉಪಕೇಂದ್ರದಲ್ಲಿ ಗೂಗಲ್ ತನ್ನ ನವೋದ್ಯಮ ಕೇಂದ್ರವನ್ನು ತೆರೆಯಲು ಹೊರಟಾಗ ನಿವಾಸಿಗಳು ಬಿಡದೆ ಪ್ರತಿಭಟಿಸಿದರು, 2018ರ ಅಕ್ಟೋಬರಿನಲ್ಲಿ ಆ ಯೋಜನೆ ಕೈಬಿಟ್ಟು ಕಟ್ಟಡವನ್ನು ಸಮಾಜಸೇವಾ ಸಂಸ್ಥೆಗಳಿಗೆ ಬಿಟ್ಟುಕೊಡಲಾಯಿತು. ಮಾರ್ಕ್‌ಟ್‌ಹಾಲೆ ನೋಯ್ನ್‌ನೊಳಗಿದ್ದ ಅಗ್ಗದ ದಿನಸಿ ಮಳಿಗೆಯನ್ನು ತೆಗೆಯುವ ನಿರ್ಧಾರವಾದಾಗಲೂ 2019ರಲ್ಲಿ ಜನ ಬೀದಿಗಿಳಿದರು. ಅಲ್ಲಿ ಸಿಗುವ ಕೈಕೆಲಸದ ಚೀಸು, ಬ್ರೆಡ್ಡುಗಳು ರುಚಿಯಾಗಿವೆ, ಆದರೆ ಸುತ್ತಲಿನ ಬಡ ಕುಟುಂಬಗಳು ವಾರದ ದಿನಸಿಯನ್ನು ಅವುಗಳಿಂದ ತುಂಬಲಾರವು ಎಂಬುದು ಅವರ ವಾದ. ಕೊಟ್‌ಬುಸರ್ ಟೋರ್‌ನಲ್ಲಿ ಬಾಡಿಗೆದಾರರು 2012ರಲ್ಲಿ ಕಟ್ಟಿದ ಮರದ ಪ್ರತಿಭಟನಾ ಗುಡಿಸಲಿನ ಬಗ್ಗೆಯೂ ಗಡಿಗೆರೆಯವರು ಹೇಳಬೇಕಿತ್ತು.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ವಾಸದ ಮನೆಯನ್ನು ಪ್ರವಾಸಿಗರಿಗೆಂದು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕಡೆ ಉಳಿಯಬೇಡಿ, ಹೋಟೆಲಿನಲ್ಲಿ ಉಳಿಯಿರಿ. ಬರ್ಲಿನ್‌ನಲ್ಲಿ ಇದಕ್ಕೆ ನಿರ್ಬಂಧದ ಕಾನೂನೇ ಇದೆ, ಆದರೂ ನಡೆಯುತ್ತದೆ.

ಉತ್ತರ: ಹಿತ್ತಲಂಗಳ

ಬಾಡಿಗೆ ಚೀಟಿಯವರು ಹೇಳಿದ್ದು ಬೇಕಾದ ಮಾತು, ಅದರಲ್ಲಿ ಒಂದಕ್ಷರವನ್ನೂ ತೆಗೆಯಲಾರೆ. ನಡೆದು ನೋಡಲು ಬರುವವರು ಬಾಡಿಗೆ ಏರಿಸುತ್ತಾರೆ ಎಂಬ ಅರ್ಥ ಮಾತ್ರ ಅದರಿಂದ ಬರಬಾರದು. ಮನೆಗಳನ್ನು ಇಡಿಯಾಗಿ ಕೊಳ್ಳುವ ಬಂಡವಾಳ, ಹೊಸ ಮನೆಗಳ ಕೊರತೆ, ಹಳೆಯ ಒಪ್ಪಂದ ಮುಗಿದೊಡನೆ ಏರುವ ದರ ಇವೇ ಅಲ್ಲಿನ ದೊಡ್ಡ ಕಾರಣಗಳು. ತಾಯಿಯ ಕೈ ಹಿಡಿದು ನಿಧಾನವಾಗಿ ನಡೆಯುವ, ಬೀದಿಯ ಟರ್ಕಿಶ್ ಬೇಕರಿಯಲ್ಲಿ ಚಹಾ ಕುಡಿಯುವ, ಫಲಕದ ಹೆಸರನ್ನು ಬಗ್ಗಿ ಓದುವ ಪ್ರವಾಸಿಯಿಂದ ಯಾರಿಗೂ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ಇಪ್ಪತ್ತು ಜನ ಗುಂಪುಗೂಡಿ ಒಂದು ಮನೆಯ ಬಾಗಿಲಿಗೆ ಅಡ್ಡ ನಿಂತು ಮಾರ್ಗದರ್ಶಿಯ ಮಾತು ಕೇಳುವಾಗ ಆ ಮನೆಯವರು ಸಿಡಿಮಿಡಿಗೊಳ್ಳುವುದನ್ನು ಕಂಡಿದ್ದೇನೆ. ಗುಂಪು ಪ್ರವಾಸವನ್ನೇ ಆರಿಸಿಕೊಳ್ಳುವುದಾದರೆ ಚಿಕ್ಕ ಗುಂಪಿನದ್ದನ್ನು ಆರಿಸಿಕೊಳ್ಳಿ.

ದೂರದಾರಿ

ಹೋಟೆಲನ್ನೇ ಕಾಯ್ದಿರಿಸಿದ್ದೇವೆ. ಮೆಲ್ಲಡಿಯವರು ಹೇಳಿದಂತೆ ಒಂದು ದಿನ ವಸ್ತುಸಂಗ್ರಹಾಲಯದಿಂದ ಗುಡಿಸಲಿನವರೆಗೆ, ಭಾನುವಾರ ಪಶ್ಚಿಮ ಭಾಗ, ಸಂಜೆಯೊಂದನ್ನು ನದಿ ದಂಡೆಗೆ ಎಂದು ನಿಗದಿ ಮಾಡಿದ್ದೇನೆ. ಬ್ಲೂನ ಚಿತ್ರಗಳಿದ್ದ ಮೂಲೆಗೂ ಹೋಗುತ್ತೇನೆ. ಕೊನೆಯದಾಗಿ, ಕಾಲುವೆ ದಂಡೆಯ ಟರ್ಕಿಶ್ ಮಾರುಕಟ್ಟೆಗೆ ಯಾವ ದಿನ ಹೋಗುವುದು ಒಳ್ಳೆಯದು?

ಉತ್ತರ: ಮೆಲ್ಲಡಿ

ಮೈಬಾಖ್ ದಂಡೆಯ ಆ ಮಾರುಕಟ್ಟೆ ಮಂಗಳವಾರ ಮತ್ತು ಶುಕ್ರವಾರ ನಡೆಯುತ್ತದೆ. ಕಾಲುವೆಯ ಆ ಬದಿ ಲೆಕ್ಕಕ್ಕೆ ನಾಯ್‌ಕೋಲ್ನ್‌ಗೆ ಸೇರಿದ್ದು, ಕೊಟ್‌ಬುಸರ್ ಟೋರ್‌ನಿಂದ ದಕ್ಷಿಣಕ್ಕೆ ಸೇತುವೆ ದಾಟಿದೊಡನೆ ಸಿಗುತ್ತದೆ. ಶುಕ್ರವಾರ ಮಧ್ಯಾಹ್ನ ಜನಜಂಗುಳಿ ಹೆಚ್ಚು, ಮಂಡಿ ನೋವಿನವರಿಗೆ ನೂಕುನುಗ್ಗಲು ಹಿಂಸೆ. ಮಂಗಳವಾರ ಬೆಳಗ್ಗೆ ಹನ್ನೊಂದು ಹನ್ನೆರಡರ ಹೊತ್ತಿಗೆ ಹೋದರೆ ಬಟ್ಟೆಯ ಥಾನುಗಳು, ಆಲಿವ್ ಡಬ್ಬಿಗಳು, ಸೊಪ್ಪಿನ ರಾಶಿಗಳ ನಡುವೆ ನಿಂತು ನೋಡಲು ಜಾಗವಿರುತ್ತದೆ. ಗ್ಯೋಜ್‌ಲೆಮೆಯನ್ನು ಬಿಸಿಯಾಗಿ ಕಟ್ಟಿಸಿಕೊಂಡು ಮತ್ತೆ ಸೇತುವೆ ದಾಟಿ ಕ್ರಾಯ್ಟ್ಸ್‌ಬರ್ಗ್ ಬದಿಗೆ ಬಂದರೆ ನೀರಿನ ಪಕ್ಕ ಮರದ ನೆರಳಲ್ಲಿ ಬೆಂಚುಗಳಿವೆ.